ವಾರ್ಡಿನ ಮಾತಿಗೆ ಬೇಕಾದ ಸ್ವೀಡಿಷ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ವೀಡನ್ನಿನ ಆಸ್ಪತ್ರೆ, ವೃದ್ಧಾಲಯ ಮತ್ತು ಮನೆಸೇವೆಯಲ್ಲಿ ಕೆಲಸ ಮಾಡುತ್ತಿರುವ, ಅಥವಾ ಅಲ್ಲಿಗೆ ಹೊರಟಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸ್ವೀಡಿಷ್ ಪದಗಳನ್ನು ಕಾಗುಣಿತದಂತೆ ಬರೆದಿಲ್ಲ, ಕಿವಿಗೆ ಬೀಳುವ ಹಾಗೆ ಬರೆದಿದ್ದೇವೆ. 'ಹ್ವ' ಎಂದಿರುವ ಕಡೆ ತುಟಿಯನ್ನು ದುಂಡಗೆ ಮಾಡಿ, ಬಿಸಿ ಲೋಟ ಆರಿಸಲು ಊದುವ ಹಾಗೆ ಉಸಿರು ಬಿಟ್ಟು 'ಹ' ಹೇಳಬೇಕು. ಅದು ಕನ್ನಡದಲ್ಲಿ ಇಲ್ಲದ ದನಿ.

ಪ್ರಶ್ನೆ: ವಲಸಿಗರಿಗೆ ಸ್ವೀಡಿಷ್ ಕಲಿಸುವ ಎಸ್‌ಎಫ್‌ಐ ತರಗತಿಯಲ್ಲಿ ಸಿ ಹಂತ ಮುಗಿಸಿದ್ದೇನೆ. ಪುಸ್ತಕ ಓದಿದರೆ ಅರ್ಥವಾಗುತ್ತದೆ, ಟೀಚರ್ ಹೇಳಿದ್ದೂ ತಿಳಿಯುತ್ತದೆ. ವೃದ್ಧಾಲಯದಲ್ಲಿ ಪಾಳಿ ಬದಲಾಗುವಾಗ ಕೊಡುವ ವರದಿ ಮಾತ್ರ ಒಂದಕ್ಷರ ತಲೆಗೆ ಹೋಗುವುದಿಲ್ಲ. ಎಲ್ಲಿ ತಪ್ಪುತ್ತಿದೆ? (ಉಪ್ಸಾಲಾದಿಂದ ಒಬ್ಬ ಓದುಗರು)

ನೀವು ಕಲಿತದ್ದು ಬರವಣಿಗೆಯ ಸ್ವೀಡಿಷ್. ವಾರ್ಡಿನಲ್ಲಿ ಆಡುವುದು ಅದರ ಸವೆದ ರೂಪ. ಸವೆಯುವುದಕ್ಕೆ ನಿಯಮವಿದೆ, ಮತ್ತು ಪದೇ ಪದೇ ಸವೆಯುವ ಪದಗಳು ಇಪ್ಪತ್ತೋ ಮೂವತ್ತೋ ಅಷ್ಟೇ. 'ನಾನು' ಎಂಬ 'ಯಾಗ್' ಬರೀ 'ಯಾ' ಆಗುತ್ತದೆ. 'ಅದು' ಎಂಬ ಪದದ ಕೊನೆಯ ತಕಾರ ಬಿದ್ದು 'ದೆ' ಉಳಿಯುತ್ತದೆ. 'ಇದ್ದಾರೆ, ಇದೆ' ಎಂಬ 'ಎರ್' ಬರೀ 'ಎ'. 'ಮತ್ತು' ಎಂಬುದೂ 'ಒ', ಕ್ರಿಯಾಪದದ ಮುಂದೆ ಬರುವ 'ಅತ್ತ್' ಕೂಡ 'ಒ'. 'ಅವರು, ಅವರನ್ನು' ಎರಡಕ್ಕೂ 'ದೊಮ್' ಒಂದೇ. 'ಆಮೇಲೆ' ಎಂಬ 'ಸೇದಾನ್' 'ಸೆನ್' ಆಗುತ್ತದೆ, 'ಯಾರೋ' ಎಂಬ 'ನೋಗೊನ್' 'ನೊನ್' ಆಗುತ್ತದೆ, 'ಹೇಳಿದಳು' ಎಂಬ 'ಸಾದೆ' ಬರೀ 'ಸಾ' ಆಗುತ್ತದೆ. ಇವನ್ನು ಒಂದು ಹಾಳೆಯ ಎರಡು ಕಾಲಂಗಳಲ್ಲಿ ಬರೆದುಕೊಳ್ಳಿ: ಎಡಕ್ಕೆ ಪುಸ್ತಕದ ರೂಪ, ಬಲಕ್ಕೆ ಬಾಯಿಯ ರೂಪ. ಇಷ್ಟನ್ನು ಕಿವಿ ಗುರುತಿಸಿದರೆ ವರದಿಯ ಅರ್ಧ ಮಂಜು ಕರಗುತ್ತದೆ.

ಇನ್ನೊಂದು ವಿಷಯದಲ್ಲಿ ಕನ್ನಡಿಗರ ಕಿವಿ ಪುಣ್ಯ ಮಾಡಿದೆ. ಸ್ವೀಡಿಷ್‌ನಲ್ಲಿ ಆರ್ ಅಕ್ಷರದ ಹಿಂದೆಯೇ ಟಿ, ಡಿ, ಎನ್, ಎಲ್, ಎಸ್ ಬಂದರೆ ಎರಡೂ ಸೇರಿ ನಮ್ಮ ಟ, ಡ, ಣ, ಳ, ಷ ಆಗುತ್ತವೆ. ಮಗು 'ಬಾಣ್', ಮೇಜು 'ಬೂಡ್', ಆರೈಕೆ 'ವೋಡ್', ಹೃದಯ 'ಯ್ಯಾಟ್ಟ', ನೋವು 'ಸ್ಮ್ಯಾಟ್ಟ'. ಬಾಯಾರಿಕೆಯಾಗಿದೆ ಎನ್ನುವ 'ತೊಷ್ಟಿ'ಯಲ್ಲಿರುವುದು 'ಕಷ್ಟ'ದ ಷ್ಟ. ಬೇರೆ ದೇಶಗಳಿಂದ ಬಂದವರು ತಿಂಗಳುಗಟ್ಟಲೆ ಒದ್ದಾಡುವ ದನಿಗಳು ನಿಮ್ಮ ನಾಲಿಗೆಯಲ್ಲಿ ಆಗಲೇ ಕೂತಿವೆ. ಎರಡು ಪದಗಳ ನಡುವೆಯೂ ಹೀಗೇ ಆಗುತ್ತದೆ. 'ನಿನಗೆ ಇದೆಯಾ' ಎನ್ನುವ 'ಹಾರ್ ದೂ' ಬಾಯಲ್ಲಿ 'ಹಾಡೂ' ಆಗುತ್ತದೆ. ಹಾಡು ಕೇಳಿಸಿತೆಂದರೆ ಪ್ರಶ್ನೆ ಬರುತ್ತಿದೆ ಎಂದು ತಿಳಿಯಿರಿ: 'ಹಾಡೂ ಉಂತ್?', ಅಂದರೆ ನೋವಿದೆಯಾ?

ಇದೇ ಅನುಕೂಲ ಒಂದು ಕಡೆ ಕೈಕೊಡುತ್ತದೆ. ಇಂಗ್ಲಿಷಿನ ಟಿ, ಡಿ ಅಕ್ಷರಗಳನ್ನು ನಾವು ಟ, ಡ ಎಂದೇ ಓದುತ್ತೇವೆ. ಸ್ವೀಡಿಷ್‌ನಲ್ಲಿ ಅವು ಹಲ್ಲಿಗೆ ತಾಗುವ ತ, ದ. 'ಫಾತ್' ಎಂದರೆ ಅಗಲವಾದ ತಟ್ಟೆ, 'ಫಾಟ್' ಎಂದರೆ ವೇಗ. ಧನ್ಯವಾದಕ್ಕೆ 'ತಕ್ಕ್' ಎನ್ನಿ, 'ಟ್ಯಾಕ್' ಬೇಡ.

ಮೂರನೆಯದು ನಿರಾಕರಣೆಯ ಪದ. ಕನ್ನಡದಲ್ಲಿ 'ಇಲ್ಲ' ವಾಕ್ಯದ ತುದಿಯಲ್ಲಿ ಬರುತ್ತದೆ, ಹಾಗಾಗಿ ನಮ್ಮ ಕಿವಿ ತುದಿಯವರೆಗೆ ಕಾಯುತ್ತದೆ. ಸ್ವೀಡಿಷ್‌ನ 'ಇಂತೆ' ಮೊದಲ ಕ್ರಿಯಾಪದದ ಬೆನ್ನಿಗೇ, ಒತ್ತಿಲ್ಲದೆ, ಮೆಲ್ಲಗೆ ಜಾರಿಹೋಗುತ್ತದೆ. 'ಹುನ್ ಹಾರ್ ಇಂತೆ ಏತಿತ್' ಎಂದರೆ ಆಕೆ ಊಟ ಮಾಡಿಲ್ಲ. ಆ ಇಂತೆ ತಪ್ಪಿದರೆ ಅರ್ಥ ತಲೆಕೆಳಗು. ವರದಿ ಕೇಳುವಾಗ ಮೊದಲ ಮೂರು ನಾಲ್ಕು ಪದಗಳಿಗೇ ಹೆಚ್ಚು ಗಮನ ಕೊಡುವುದನ್ನು ರೂಢಿಸಿಕೊಳ್ಳಬೇಕು.

ಅಭ್ಯಾಸದ ಕ್ರಮ ಹೀಗೆ. ಸ್ವೀಡಿಷ್ ರೇಡಿಯೊದಲ್ಲಿ ಸರಳ ಸ್ವೀಡಿಷ್‌ನ ಸುದ್ದಿ ಬರುತ್ತದೆ, 'ಓತ್ತಾ ಸೀದೂರ್' ಎಂಬ ಸರಳ ಭಾಷೆಯ ಪತ್ರಿಕೆಯಿದೆ, ಆರೋಗ್ಯ ಸಲಹೆಯ 1177 ಜಾಲತಾಣದ ಬರಹಗಳನ್ನು ಗಟ್ಟಿಯಾಗಿ ಓದಿಸಿ ಕೇಳಬಹುದು. ಅರ್ಧ ನಿಮಿಷದ ತುಣುಕು ಸಾಕು. ಮೊದಲು ಪಠ್ಯ ನೋಡದೆ ಎರಡು ಸಲ ಕೇಳಿ. ಆಮೇಲೆ ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಈಗ ಪಠ್ಯದೊಡನೆ ಹೋಲಿಸಿ, ಬಿಟ್ಟುಹೋದ ಪದಗಳಿಗೆ ಗೆರೆ ಎಳೆಯಿರಿ. ಕೊನೆಗೆ ದನಿಯ ಹಿಂದೆಯೇ, ಒಂದು ಪದದಷ್ಟು ತಡವಾಗಿ, ನೀವೂ ಹೇಳುತ್ತಾ ಹೋಗಿ. ಹತ್ತು ಸಲವಾದರೂ ಆಗಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಹೀಗೆ ಮಾಡುವುದು, ಭಾನುವಾರ ಮೂರು ಗಂಟೆ ಸುಮ್ಮನೆ ಟಿವಿ ಹಾಕಿಕೊಂಡು ಕೂರುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಪ್ರಶ್ನೆ: ಅಂಕಿಗಳಲ್ಲಿ ಗೊಂದಲ ತುಂಬ ಆಗುತ್ತಿದೆ. ಔಷಧದ ಅಳತೆ, ಸಮಯ ತಪ್ಪಿ ಕೇಳಿಸಿದರೆ ಅನಾಹುತವಲ್ಲವೇ? (ವೆಸ್ತೆರೋಸ್)

ಹೌದು, ಇದಕ್ಕೆ ಹೆದರುವುದೇ ಸರಿ. ಉಚ್ಚಾರ ಸ್ವಲ್ಪ ಡೊಂಕಾದರೆ ಯಾರಿಗೂ ನಷ್ಟವಿಲ್ಲ, ಅಂಕಿ ತಪ್ಪಿದರೆ ರೋಗಿಗೆ ಪೆಟ್ಟು.

ಮೊದಲ ಬಲೆ ಹದಿನೇಳು ಮತ್ತು ಎಪ್ಪತ್ತು. ಹದಿನೇಳು 'ಹ್ವುತ್ತೊನ್'. ಎಪ್ಪತ್ತರ ಕಾಗುಣಿತ ಉದ್ದವಿದ್ದರೂ ಬಾಯಲ್ಲಿ ಬರೀ 'ಹ್ವುತ್ತಿ'. ಮೂವತ್ತು 'ತ್ರೆತ್ತಿ', ಹದಿಮೂರು 'ತ್ರೆತ್ತೊನ್'. ಐವತ್ತು 'ಫೆಮ್ತಿ', ಹದಿನೈದು 'ಫೆಮ್ತೊನ್'. ಕೊನೆಯಲ್ಲಿ 'ತೊನ್' ಇದ್ದರೆ ಹದಿ, 'ತಿ' ಇದ್ದರೆ ಹತ್ತರ ಗುಣಿತ. ಎರಡನೆಯ ಬಲೆ ಏಳು ಮತ್ತು ಇಪ್ಪತ್ತು: 'ಹ್ವೂ', 'ಶೂಗು'. ಹ್ವ ಮತ್ತು ಶ ಎರಡನ್ನೂ ಒಂದೇ 'ಷ' ಮಾಡಿ ಹೇಳಿದರೆ ಕೇಳುವವರು ಊಹಿಸಬೇಕಾಗುತ್ತದೆ. 1177 ಎಂಬ ಸಂಖ್ಯೆಯನ್ನು ಸ್ವೀಡನ್ನಿನವರು 'ಎಲ್ವಾ ಹ್ವುತ್ತಿಹ್ವೂ' ಎನ್ನುತ್ತಾರೆ. ಏಳನ್ನು ಪಳಗಿಸಲು ಅದನ್ನೇ ಜಪಿಸಿ.

ಸಮಯದಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ಕನ್ನಡದ ಏಳೂವರೆ ಎಂದರೆ ಏಳು ಕಳೆದು ಅರ್ಧ. ಸ್ವೀಡಿಷ್‌ನ 'ಹಲ್ವ್ ಓತ್ತಾ' ಎಂದರೆ ಎಂಟಕ್ಕೆ ಇನ್ನೂ ಅರ್ಧ, ಅಂದರೆ ಅದೂ ಏಳೂವರೆಯೇ. 'ಓತ್ತಾ' ಎಂಬುದು ಎಂಟು ಎಂದು ತಿಳಿದವರು ಎಂಟೂವರೆ ಎಂದು ಬರೆದುಕೊಳ್ಳುತ್ತಾರೆ, ಮಾತ್ರೆ ಒಂದು ಗಂಟೆ ತಡವಾಗುತ್ತದೆ. 'ಫೆಮ್ ಇ ಹಲ್ವ್ ಓತ್ತಾ' ಎಂದರೆ 7.25, 'ಫೆಮ್ ಓವೆರ್ ಹಲ್ವ್ ಓತ್ತಾ' ಎಂದರೆ 7.35. ನೀವು ಹೇಳುವಾಗ ಇದರ ಗೋಜಿಗೇ ಹೋಗಬೇಡಿ. 24 ಗಂಟೆಯ ಲೆಕ್ಕದಲ್ಲಿ 'ಏಳು ಮೂವತ್ತು', 'ಹತ್ತೊಂಬತ್ತು ಮೂವತ್ತು' ಎನ್ನಿ. ಕೇಳಿಸಿಕೊಳ್ಳಲು ಮಾತ್ರ ಎರಡೂ ಬರಬೇಕು.

ದಿನಗಳೂ ಹಾಗೆಯೇ. 'ಇ ಮೊಷೆ' ಎಂದರೆ ಇವತ್ತು ಬೆಳಿಗ್ಗೆ, ಆಗಿಹೋದದ್ದು. 'ಇ ಮೊರ್ರೊನ್' ಎಂದರೆ ನಾಳೆ. 'ಇ ಫ್ರೇದಾಸ್' ಕಳೆದ ಶುಕ್ರವಾರ, 'ಪೊ ಫ್ರೇದಾಗ್' ಬರುವ ಶುಕ್ರವಾರ. 'ಇ ನತ್ತ್' ಎಂಬುದು ಕಳೆದ ರಾತ್ರಿಯೂ ಹೌದು, ಬರುವ ರಾತ್ರಿಯೂ ಹೌದು. ಯಾವುದೆಂದು ಹೇಳುವುದು ಕ್ರಿಯಾಪದದ ಕಾಲ ಮಾತ್ರ.

ದಶಾಂಶಕ್ಕೆ ಅಲ್ಲಿ ಚುಕ್ಕಿಯಿಲ್ಲ, ಅಲ್ಪವಿರಾಮವಿದೆ. 0.5 ಎಂಬುದು '0,5' ಎಂದು ಬರೆದಿರುತ್ತದೆ. ಓದುವುದು 'ನೊಲ್ಲ್ ಕೊಮ್ಮಾ ಫೆಮ್'. ರಕ್ತದ ಸಕ್ಕರೆಯನ್ನು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಹೇಳುತ್ತಾರೆ. ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕಲಿತವರು ಹದಿನೆಂಟರಿಂದ ಭಾಗಿಸಬೇಕು: 126 ಎಂದರೆ 7,0. ಹಿಮೋಗ್ಲೋಬಿನ್ ಲೀಟರಿಗೆ ಗ್ರಾಂ ಲೆಕ್ಕದಲ್ಲಿರುವುದರಿಂದ 13 ಎಂದು ನಿಮಗೆ ಗೊತ್ತಿರುವುದು ಅಲ್ಲಿ 130.

ಎಷ್ಟೇ ಅನುಭವವಿದ್ದರೂ ಬಿಡಬಾರದ ಅಭ್ಯಾಸವೊಂದಿದೆ. ಬಾಯಿಮಾತಿನಲ್ಲಿ ಬಂದ ಅಂಕಿಯನ್ನು ಬಿಡಿಬಿಡಿಯಾಗಿ ತಿರುಗಿಸಿ ಹೇಳಿ, 'ಸ್ತೆಮ್ಮೆರ್ ದೆ?' ಎಂದು ಕೇಳಿ, ಅಂದರೆ ಸರಿಯೇ? 'ಹ್ವುತ್ತಿ, ಹ್ವೂ ನೊಲ್ಲ್, ಸ್ತೆಮ್ಮೆರ್ ದೆ?' ಇದನ್ನು ಭಾಷೆ ಬಾರದವರ ಲಕ್ಷಣ ಎಂದು ಅಲ್ಲಿ ಯಾರೂ ಎಣಿಸುವುದಿಲ್ಲ. ಒಳ್ಳೆಯ ಸ್ವೀಡಿಷ್ ನರ್ಸ್‌ಗಳೂ ಇದನ್ನೇ ಮಾಡುತ್ತಾರೆ.

ಪ್ರಶ್ನೆ: 'ಮಾತ್ರೆ ತೆಗೆದುಕೊಂಡಿಲ್ವಾ?' ಎಂದು ಸಹೋದ್ಯೋಗಿ ಕೇಳಿದರು, ರೋಗಿಗೆ ಕೊಟ್ಟಿಲ್ಲ ಎಂಬ ಅರ್ಥದಲ್ಲಿ 'ಯಾ' ಎಂದೆ. ಅವರು ಕೊಟ್ಟಾಗಿದೆ ಎಂದು ತಿಳಿದರು. ನನ್ನ ತಪ್ಪೇನು? (ಓರೆಬ್ರೂ)

ನಿಮ್ಮ ಸ್ವೀಡಿಷ್ ಪದಗಳು ಸರಿ, ಯೋಚನೆ ಕನ್ನಡದ್ದು. 'ತಗೊಂಡಿಲ್ವಾ?' ಎಂದರೆ ನಾವು 'ಹೂಂ, ತಗೊಂಡಿಲ್ಲ' ಎನ್ನುತ್ತೇವೆ. ಕೇಳಿದವರ ಮಾತಿಗೆ ಹೂಂಗುಡುತ್ತೇವೆ. ಸ್ವೀಡಿಷ್‌ನಲ್ಲಿ ಉತ್ತರ ಸಂಗತಿಗೆ ಸೇರಿದ್ದು. ಆಗಿಲ್ಲವೆಂದರೆ 'ನೇಯ್'. ಆಗಿದೆಯೆಂದರೆ, ಪ್ರಶ್ನೆಯಲ್ಲಿ 'ಇಂತೆ' ಇದ್ದ ಕಾರಣ, 'ಯಾ' ಅಲ್ಲ, 'ಯೂ'. ಈ 'ಯೂ' ಎಂಬ ಪ್ರತ್ಯೇಕ ಪದ ಇರುವುದೇ, 'ಇಲ್ಲವೇ?' ಎಂಬ ಪ್ರಶ್ನೆಗೆ 'ಇದೆ' ಎಂದು ಹೇಳುವುದಕ್ಕಾಗಿ. ನಿಮ್ಮ 'ಯಾ' ಕೇಳಿ ಅವರು 'ಯೂ' ಎಂದಿರಬೇಕು ಎಂದುಕೊಂಡರು.

ಪರಿಹಾರ ಎರಡು. ಔಷಧ, ಊಟ, ಅಲರ್ಜಿಯ ಬಗ್ಗೆ ನೀವೇ ಪ್ರಶ್ನೆ ಕೇಳುವಾಗ 'ಇಂತೆ' ಸೇರಿಸಬೇಡಿ, 'ತೆಗೆದುಕೊಂಡಿದ್ದಾರಾ?' ಎಂದು ನೇರವಾಗಿ ಕೇಳಿ. ಉತ್ತರ ಕೊಡುವಾಗ ಒಂದು ಪದಕ್ಕೆ ನಿಲ್ಲಿಸದೆ ಪೂರ್ತಿ ವಾಕ್ಯ ಹೇಳಿ: 'ನೇಯ್, ಹಾನ್ ಹಾರ್ ಇಂತೆ ತಾಗಿತ್ ದೊಮ್', ಅಂದರೆ ಇಲ್ಲ, ಆತ ಅವನ್ನು ತೆಗೆದುಕೊಂಡಿಲ್ಲ.

ಇದರ ಜತೆಗೆ ಇನ್ನೊಂದು. ಊಟ ಬಡಿಸುವಾಗ 'ಇನ್ನೂ ಬೇಕಾ?' ಎಂದರೆ ಅಜ್ಜಿಯೊಬ್ಬರು 'ದೆ ಎ ಬ್ರಾ' ಎನ್ನುತ್ತಾರೆ. 'ಬ್ರಾ' ಎಂದರೆ ಚೆನ್ನಾಗಿದೆ ಎಂದು ಕಲಿತವರು ಮತ್ತೆ ಬಡಿಸುತ್ತಾರೆ. ಅಲ್ಲಿ ಅದರ ಅರ್ಥ 'ಸಾಕು'. 'ನ್ಯಾ' ಎಂಬುದು ಇಲ್ಲಕ್ಕೂ ಹೌದಿಗೂ ನಡುವಿನದು, ಹೆಚ್ಚಾಗಿ ಇಲ್ಲದ ಕಡೆಗೇ ವಾಲಿದ್ದು.

ಪ್ರಶ್ನೆ: ತೊಂಬತ್ತು ವರ್ಷದವರನ್ನು ಏಕವಚನದಲ್ಲಿ ಮಾತನಾಡಿಸಲು ಬಾಯಿ ಬರುವುದಿಲ್ಲ. ಗೌರವ ತೋರಿಸುವುದು ಹೇಗೆ? (ಲಿನ್‌ಶೋಪಿಂಗ್)

'ದೂ' ಎಂದೇ ಕರೆಯಿರಿ, ಹೆಸರು ಹಿಡಿದು ಕರೆಯಿರಿ. 1967ರಲ್ಲಿ ಬ್ರೂರ್ ರೆಕ್ಸೇದ್ ಎಂಬವರು ಅಂದಿನ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾದಾಗ, ತಾನು ಎಲ್ಲ ಸಿಬ್ಬಂದಿಯನ್ನೂ 'ದೂ' ಎಂದು ಹೆಸರಿನಿಂದಲೇ ಕರೆಯುವುದಾಗಿ ಹೇಳಿದರು. ಆ ಕಾಲದಲ್ಲಿ ಹಬ್ಬಿದ ಈ ಬದಲಾವಣೆಗೆ ಅವರ ಹೆಸರೇ ಗುರುತಾಗಿ ಉಳಿದಿದೆ. ವೈದ್ಯರೂ ದೂ, ವಾರ್ಡಿನ ಮುಖ್ಯಸ್ಥರೂ ದೂ. ಕೆಲವು ಹಿರಿಯರು ನಿಮ್ಮನ್ನು 'ಸ್ಯುಸ್ತೆರ್' ಎಂದು ಕರೆದಾರು. ಅದು ನರ್ಸ್‌ಗೆ ಹಳೆಯ ಕಾಲದ ಮರ್ಯಾದೆಯ ಮಾತು.

ಗೌರವ ಇರುವುದು ಸರ್ವನಾಮದಲ್ಲಲ್ಲ, ಮುಟ್ಟುವ ಮೊದಲು ಹೇಳುವುದರಲ್ಲಿ. 'ನೂ ಸ್ಕಾ ಯಾ ಮೇತಾ ಬ್ಲೂದ್‌ತ್ರ್ಯುಕ್ಕೆತ್' ಎಂದರೆ ಈಗ ರಕ್ತದೊತ್ತಡ ನೋಡುತ್ತೇನೆ. 'ಎ ದೆ ಓಕೇಯ್?' ಎಂದು ಸೇರಿಸಿ, ಉತ್ತರಕ್ಕೆ ಕಾಯಿರಿ. ದಯವಿಟ್ಟು ಎಂಬುದಕ್ಕೆ ಒಂದೇ ಪದ ಇಲ್ಲ; ಕೋರಿಕೆಯನ್ನು 'ಕನ್ ದೂ' ಎಂದು ಪ್ರಶ್ನೆಯಾಗಿ ಆರಂಭಿಸಿ, ಕೊನೆಗೆ 'ತಕ್ಕ್' ಸೇರಿಸಿದರೆ ಮೃದುವಾಗುತ್ತದೆ. 'ಕನ್ ದೂ ಲ್ಯುಫ್ತಾ ಅರ್ಮೆನ್, ತಕ್ಕ್?', ಅಂದರೆ ತೋಳು ಎತ್ತುತ್ತೀರಾ?

ಈ 'ಅರ್ಮೆನ್' ಹೇಳುವಾಗ ಒತ್ತು ಮೊದಲ ಭಾಗದ ಮೇಲಿರಲಿ. ಕೊನೆಯ ಭಾಗವನ್ನು ಒತ್ತಿ ಎಳೆದು 'ಅರ್ಮೇನ್' ಎಂದರೆ ಸೈನ್ಯ. ಸ್ವೀಡಿಷ್‌ನ ಹಾಡಿದಂಥ ಏರಿಳಿತ ಬರದಿದ್ದರೂ ಜನಕ್ಕೆ ಅರ್ಥವಾಗುತ್ತದೆ. ಒತ್ತು ತಪ್ಪಿದ ಜಾಗದಲ್ಲಿ ಬಿದ್ದರೆ ಮಾತ್ರ ಪದವೇ ಗುರುತು ಸಿಗದೆ ಹೋಗುತ್ತದೆ. ಹೊಸ ಪದ ಬರೆದುಕೊಂಡಾಗಲೆಲ್ಲ ಒತ್ತಿನ ಭಾಗದ ಕೆಳಗೆ ಗೆರೆ ಎಳೆಯಿರಿ.

ಪ್ರಶ್ನೆ: ನೋವಿನ ಬಗ್ಗೆ ವಿಚಾರಿಸುವಾಗ 'ಎಲ್ಲಿ', 'ಎಷ್ಟು' ಮಾತ್ರ ಕೇಳಲು ಬರುತ್ತದೆ. ಮುಂದೆ ಹೋಗುವುದು ಹೇಗೆ? (ಬೂರೋಸ್)

ಮೊದಲು ಮೈಯ ಭಾಗಗಳ ಲೆಕ್ಕ ಸರಿಮಾಡಿಕೊಳ್ಳಿ. ಕನ್ನಡದ 'ಕೈ' ಬೆರಳಿಂದ ಭುಜದವರೆಗೂ ನಡೆಯುತ್ತದೆ. ಸ್ವೀಡಿಷ್‌ನಲ್ಲಿ ಮಣಿಕಟ್ಟಿನ ಕೆಳಗೆ 'ಹಂದ್', ಮೇಲೆ 'ಅರ್ಮ್'. 'ಕಾಲು' ಕೂಡ ಹಾಗೆಯೇ: ಹಿಮ್ಮಡಿ, ಪಾದ ಇರುವುದು 'ಫೂತ್', ಮೇಲಿನದು 'ಬೇನ್'. ಈ 'ಬೇನ್' ಎಂಬುದು ಮೂಳೆಯೂ ಹೌದು. 'ಹಲ್ಸ್' ಎಂದರೆ ಗಂಟಲು ಮತ್ತು ಕತ್ತಿನ ಮುಂಭಾಗ. ಕತ್ತಿನ ಹಿಂಭಾಗಕ್ಕೆ 'ನಕ್ಕೆ'. ದಾಖಲೆಯಲ್ಲಿ ಕೈ ಊದಿದೆ ಎಂದು 'ಹಂದ್' ಬರೆದರೆ, ತೋಳಿನ ಊತವನ್ನು ಮುಂದಿನ ಪಾಳಿಯವರು ನೋಡದೇ ಹೋಗಬಹುದು.

ವಾಕ್ಯದ ಅಚ್ಚು ಸುಲಭ: 'ಉಂತ್ ಇ' ಎಂದು ಹೇಳಿ, ಅಂಗದ ಹೆಸರನ್ನು 'ಆ ಹೊಟ್ಟೆ, ಆ ತಲೆ' ಎಂದು ಗುರುತಿಸುವ ರೂಪದಲ್ಲಿ ಇಡಬೇಕು. 'ಉಂತ್ ಇ ಮಾಗೆನ್' ಹೊಟ್ಟೆನೋವು, 'ಉಂತ್ ಇ ಹೂವುದೆತ್' ತಲೆನೋವು. 'ನನ್ನ ಹೊಟ್ಟೆ' ಎಂದು ಸೇರಿಸುವ ಅಗತ್ಯವಿಲ್ಲ.

ನೋವಿನ ಬಗೆಗೆ ರೋಗಿಯ ಬಾಯಿಂದ ಬರುವ ಮಾತುಗಳು: 'ಮೂಲಾಂದೆ' ಎಂದರೆ ಒಂದೇ ಸಮನೆ ಮಂದವಾಗಿ ನೋಯುವುದು, 'ಹುಗ್ಗಾಂದೆ' ಚುಚ್ಚಿದಂತೆ, 'ಬ್ರೆನ್ನಾಂದೆ' ಉರಿ, 'ಸ್ವೇದಾ' ಎಂಬುದೂ ಉರಿಯೇ, ಮೂತ್ರ ಮಾಡುವಾಗಿನದಕ್ಕೆ ಹೆಚ್ಚು ಬಳಕೆ. 'ಸ್ತ್ರೋಲಾರ್ ಊತ್' ಎಂದರೆ ನೋವು ಅಲ್ಲಿಂದ ಹರಡುತ್ತಿದೆ. ಎದೆನೋವಿನ ಜತೆ ಈ ಮಾತು ಬಂದರೆ ಕ್ಷಣವೂ ತಡಮಾಡಬೇಡಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಕೇಳುವಾಗ ಎರಡು ತುದಿಗಳನ್ನೂ ಬಿಡಿಸಿ ಹೇಳಿ: ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು.

ಹಿರಿಯರ ಮಾತಿನ ತೂಕ ತಿಳಿಯುವುದೂ ಭಾಷೆಯೇ. 'ದೆ ಎ ಇಂತೆ ಸೊ ಫಾಲಿತ್' ಎಂದರೆ 'ಅಷ್ಟೇನಿಲ್ಲ ಬಿಡಿ' ಎಂದಂತೆ. ತೊಂದರೆ ಕೊಡಬಾರದು ಎಂಬ ಸಂಕೋಚದಿಂದ ನಿಜವಾದ ನೋವಿನಲ್ಲೂ ಹೀಗೆ ಹೇಳುವವರಿದ್ದಾರೆ. ಆ ಮಾತು ಕೇಳಿದ ಮೇಲೆ ಮುಖ ನೋಡಿ, ಮಗ್ಗುಲು ಬದಲಿಸಲು ಹೇಳಿ, ಅಂಕಿಯಲ್ಲಿ ಇನ್ನೊಮ್ಮೆ ಕೇಳಿ.

ಮಲಮೂತ್ರದ ಪದಗಳನ್ನು ನಾಚಿಕೆಯಿಂದ ಬಿಟ್ಟುಬಿಡಬೇಡಿ. ಮೂತ್ರ ಮಾಡುವುದು 'ಶಿಸ್ಸಾ' (ಕೆ ಅಕ್ಷರದಿಂದ ಬರೆದರೂ ಮುಂದೆ ಐ ಇರುವುದರಿಂದ ಶ), ಮಲವಿಸರ್ಜನೆ 'ಬಯ್ಸಾ'. ಮಲಬದ್ಧತೆಗೆ 'ಹೋಡ್ ಇ ಮಾಗೆನ್', ಭೇದಿಗೆ 'ಲೋಸ್ ಇ ಮಾಗೆನ್' ಎಂದು ಜನ ಹೇಳುತ್ತಾರೆ. ವಾಕರಿಕೆಗೆ 'ಮೋ ಇಲ್ಲಾ', ತಲೆಸುತ್ತಿಗೆ 'ಯೂರ್', ಈಯನ್ನು ತುಟಿ ಮುಂದೆ ಮಾಡಿ ಹೇಳಿದ ಹಾಗೆ. ಸರಳ ಪದ ಮತ್ತು ಲ್ಯಾಟಿನ್ ಪದ ಎರಡನ್ನೂ ಜೋಡಿಯಾಗಿ ಕಲಿಯಬೇಕು. ರೋಗಿಯ ಬಳಿ 'ಲುಂಗ್‌ಇನ್‌ಫ್ಲಮ್ಮಹ್ವೂನ್' ಎನ್ನಬೇಕು, ವೈದ್ಯರು ಅದನ್ನೇ 'ಪ್ನೆವ್ಮೊನೀ' ಎಂದಾರು.

ಪ್ರಶ್ನೆ: ರೋಗಿಗೆ ಪ್ರಶ್ನೆ ಕೇಳಿದರೆ ಸರ್ರನೆ ಉಸಿರು ಒಳಗೆಳೆಯುತ್ತಾರೆ. ಉಸಿರಾಟದ ತೊಂದರೆಯೇ? (ಉಮೆಓ)

ಅಲ್ಲ, ಅದು 'ಹೌದು'. ಉತ್ತರ ಸ್ವೀಡನ್ನಿನಲ್ಲಿ ತುಟಿ ಕೂಡಿಸಿ ಸ್ವಲ್ಪ ಗಾಳಿ ಒಳಗೆಳೆದುಕೊಂಡರೆ ಒಪ್ಪಿಗೆ ಎಂದರ್ಥ. ಪ್ರಶ್ನೆಗೆ ಉತ್ತರವಾಗಿ ಒಮ್ಮೆ ಮಾತ್ರ ಬಂದರೆ ಮಾತು. ಪ್ರಶ್ನೆಯಿಲ್ಲದೆ ಮತ್ತೆ ಮತ್ತೆ ಬಂದರೆ ಉಸಿರಾಟದ ಗತಿ ಎಣಿಸಿ.

ದಕ್ಷಿಣದ ಮಾಲ್ಮೊ, ಲುಂಡ್ ಕಡೆಯಿಂದಲೂ ನುಡಿಭೇದದ ಪ್ರಶ್ನೆ ಬಂದಿದೆ. ಸ್ಕೋನೆ ಪ್ರಾಂತ್ಯದಲ್ಲಿ ಆರ್ ದನಿ ಗಂಟಲಿನಿಂದ ಬರುತ್ತದೆ, ಹಾಗಾಗಿ ಮೇಲೆ ಹೇಳಿದ ಟ, ಡ, ಣಗಳು ಅಲ್ಲಿ ಆಗುವುದೇ ಇಲ್ಲ. ಉದ್ದದ ಸ್ವರಗಳು ಎರಡು ಸ್ವರ ಸೇರಿದಂತೆ ಹೊರಳುತ್ತವೆ. ನೀವು ನಿಮ್ಮ 'ಬಾಣ್' ಬಿಡಬೇಕಾಗಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಕಿವಿ ಪಳಗಲು ಆ ಪ್ರಾಂತ್ಯದ ಸ್ಥಳೀಯ ರೇಡಿಯೊವನ್ನೇ ಹಾಕಿಕೊಳ್ಳಿ.

ಪ್ರಶ್ನೆ: ವ್ಯಾಕರಣದಲ್ಲಿ ಯಾವುದನ್ನು ಮೊದಲು ಹಿಡಿಯಲಿ? ನಾಮಪದಗಳ 'ಎನ್', 'ಎತ್ತ್' ಲಿಂಗಭೇದವೇ ತಲೆಬಿಸಿ. (ಗೆವ್ಲೆ)

ಲಿಂಗಭೇದ ಕೊನೆಗಿರಲಿ, ತಪ್ಪಿದರೂ ಅರ್ಥ ಕೆಡುವುದಿಲ್ಲ. ಮೊದಲು ಕ್ರಿಯಾಪದದ ಕಾಲ, ಆಮೇಲೆ ಅದರ ಜಾಗ. ಸಾಧಾರಣ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನ ಬಿಡುವುದಿಲ್ಲ. 'ಇ ಮೊಷೆ' ಎಂದು ಆರಂಭಿಸಿದರೆ ಮುಂದಿನದು 'ಬಿದ್ದರು', ಅದರ ಮುಂದೆ 'ಆಕೆ'.

ಸಮಾಸಪದಗಳಿಗೆ ಹೆದರಬೇಡಿ. ಶಾಲೆಯಲ್ಲಿ ಕಲಿತ ತತ್ಪುರುಷ ಸಮಾಸ ನೆನಪಿದೆಯಲ್ಲ, ಉತ್ತರಪದ ಪ್ರಧಾನ? ಅದೇ ಇದು. ಉದ್ದ ಪದವನ್ನು ಬಾಲದಿಂದ ಬಿಡಿಸಿ. ಒಂದೇ ಉಸಿರಿನಲ್ಲಿ ಹೇಳುವುದು ಮಾತ್ರ ಮುಖ್ಯ: 'ಹ್ವೂಕ್‌ಹ್ವೋತೆಷ್ಕ' ಎಂದರೆ ನರ್ಸ್, ನಡುವೆ ನಿಲ್ಲಿಸಿ 'ಹ್ವೂಕ್, ಹ್ವೋತೆಷ್ಕ' ಎಂದರೆ ಕಾಯಿಲೆ ಬಿದ್ದ ಆರೈಕೆಗಾರ್ತಿ.

ಪ್ರಶ್ನೆ: ರಾತ್ರಿಪಾಳಿಯಲ್ಲಿ ವೈದ್ಯರಿಗೆ ಫೋನ್ ಮಾಡಬೇಕೆಂದರೆ ಕೈ ನಡುಗುತ್ತದೆ. ಎದುರಿಗಿದ್ದರೆ ಹೇಗೋ ನಿಭಾಯಿಸುತ್ತೇನೆ. (ಯೊತೆಬೊರಿ)

ಫೋನಿನಲ್ಲಿ ಮುಖವಿಲ್ಲ, ಕೈಸನ್ನೆಯಿಲ್ಲ, ಕಷ್ಟವೆನಿಸುವುದು ಸಹಜ. ಆದರೆ ಫೋನಿನ ಮಾತಿಗೆ ಸಿದ್ಧವಾದ ಅಚ್ಚು ಸ್ವೀಡನ್ನಿನ ಆರೋಗ್ಯಸೇವೆಯಲ್ಲೆಲ್ಲ ಬಳಕೆಯಲ್ಲಿದೆ, ಎಸ್‌ಬಿಎಆರ್. ಸಂದರ್ಭ, ಹಿನ್ನೆಲೆ, ಈಗಿನ ಸ್ಥಿತಿ, ಸಲಹೆ ಎಂಬ ನಾಲ್ಕು ಮೆಟ್ಟಿಲು. ಫೋನ್ ಎತ್ತುವ ಮೊದಲು ನಾಲ್ಕು ಸಾಲು ಬರೆದಿಟ್ಟುಕೊಳ್ಳಿ.

ಸಂದರ್ಭದಲ್ಲಿ ನಿಮ್ಮ ಹೆಸರು, ಹುದ್ದೆ, ವಾರ್ಡ್, ರೋಗಿ ಯಾರು, ಏನಾಗಿದೆ: 'ಹಾನ್ ಹಾ ಫೋತ್ ಸ್ವೋಟ್ ಒ ಅಂದಾಸ್', ಆತನಿಗೆ ಉಸಿರಾಡಲು ಕಷ್ಟವಾಗಿದೆ. ಹಿನ್ನೆಲೆ ಒಂದೇ ವಾಕ್ಯ: 'ಹಾನ್ ಕೊಮ್ ಇನ್ ಇ ಫ್ರೇದಾಸ್ ಮೆ ಲುಂಗ್‌ಇನ್‌ಫ್ಲಮ್ಮಹ್ವೂನ್', ಕಳೆದ ಶುಕ್ರವಾರ ನ್ಯುಮೋನಿಯಾದಿಂದ ದಾಖಲಾದರು. ಈಗಿನ ಸ್ಥಿತಿಯಲ್ಲಿ ಬರೀ ಅಂಕಿ, ಯಾವಾಗಲೂ ಒಂದೇ ಕ್ರಮದಲ್ಲಿ: ಉಸಿರಾಟ 26, ಆಮ್ಲಜನಕವಿಲ್ಲದೆ ಸ್ಯಾಚುರೇಶನ್ 90, ರಕ್ತದೊತ್ತಡ 105 'ಗೇನೊಮ್' 60 ('ಓವೆರ್' ಎಂದೂ ಹೇಳುತ್ತಾರೆ), ನಾಡಿ 110, ಎಚ್ಚರವಿದ್ದಾರೆ, ಜ್ವರ 38,4. ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂದು ಅಳೆಯುವ ನ್ಯೂಸ್ 2 ಅಂಕಪಟ್ಟಿಯಲ್ಲಿ ಇದು 9 ಆಗುತ್ತದೆ. 7 ಅಥವಾ ಅದಕ್ಕೂ ಹೆಚ್ಚಿದ್ದರೆ ತುರ್ತು ಎಂದು ಬೇರೆ ವಿವರಣೆ ಬೇಡ, ಆ ಅಂಕಿಯೇ ಹೇಳುತ್ತದೆ. ಭಾಷೆ ತಡವರಿಸುವವರಿಗೆ ಇದು ದೊಡ್ಡ ಆಸರೆ.

ಹೆಚ್ಚಿನವರು ಎಡವುವುದು ಕೊನೆಯ ಮೆಟ್ಟಿಲಿನಲ್ಲಿ. ಎಲ್ಲ ಹೇಳಿ ಸುಮ್ಮನಾಗುತ್ತಾರೆ, ವೈದ್ಯರೇ ತಿಳಿದುಕೊಂಡು ಬರಲಿ ಎಂದು. ಬೇಕಾದ್ದನ್ನು ಕೇಳಬೇಕು: 'ಕನ್ ದೂ ಕೊಮ್ಮಾ ಒ ತಿತ್ತಾ ಪೊ ಹೊನೊಮ್ ನೂ?', ಈಗಲೇ ಬಂದು ನೋಡುತ್ತೀರಾ? ಇದು ಅಧಿಕಪ್ರಸಂಗವಲ್ಲ, ಅಚ್ಚಿನ ಭಾಗ. ಅವರು ಹೇಳಿದ ಆದೇಶವನ್ನು ತಿರುಗಿಸಿ ಹೇಳಿ 'ಸ್ತೆಮ್ಮೆರ್ ದೆ?' ಎಂದು ಮುಗಿಸಿ. ಅರ್ಥವಾಗದಿದ್ದರೆ 'ಕನ್ ದೂ ತಾ ದೆ ಎನ್ ಗೋಂಗ್ ತಿಲ್, ಲೋಂಗ್‌ಸಮ್ತ್?', ಇನ್ನೊಮ್ಮೆ ನಿಧಾನವಾಗಿ ಹೇಳುತ್ತೀರಾ? ಅರ್ಥವಾಗದೆ 'ಯಾ, ಯಾ' ಎನ್ನುವುದೊಂದೇ ಇಲ್ಲಿ ಕ್ಷಮೆಯಿಲ್ಲದ ತಪ್ಪು.

ಪ್ರಶ್ನೆ: ಯುರೋಪಿನ ಹೊರಗೆ ನರ್ಸಿಂಗ್ ಓದಿದ್ದೇನೆ. ಯಾವ ಮಟ್ಟದ ಸ್ವೀಡಿಷ್ ಬೇಕು? (ಪ್ರಯಾಣಕ್ಕೆ ಸಿದ್ಧರಾಗುತ್ತಿರುವ ಓದುಗರು)

ನರ್ಸ್ ಪರವಾನಗಿ ಕೊಡುವುದು ಸೂಸಿಯಾಲ್‌ಸ್ತ್ಯೂರೆಲ್ಸೆನ್ ಎಂಬ ಸರ್ಕಾರಿ ಮಂಡಳಿ. ಭಾಷೆ ಯುರೋಪಿನ ಅಳತೆಯ ಸಿ1 ಮಟ್ಟದಲ್ಲಿರಬೇಕು. ವಯಸ್ಕರ ಶಿಕ್ಷಣದಲ್ಲಿ ಎರಡನೆಯ ಭಾಷೆಯಾಗಿ ಸ್ವೀಡಿಷ್‌ನ ಮೂರನೆಯ ಹಂತ ಪಾಸಾದರೆ, ಅಥವಾ ತೀಸೂಸ್ ಎಂಬ ಸ್ವೀಡಿಷ್ ಭಾಷಾ ಪರೀಕ್ಷೆ ಪಾಸಾದರೆ ಅದು ಸಾಬೀತಾಗುತ್ತದೆ. ತೀಸೂಸ್‌ನಲ್ಲಿ ಓದು, ಬರಹ, ಮಾತು ಮೂರೂ ಇರುತ್ತವೆ. ಎಸ್‌ಎಫ್‌ಐನ ಕೊನೆಯ ಡಿ ಹಂತ ಮುಗಿಸಿದರೂ ಸಿ1ಗೆ ಇನ್ನೂ ಬಹಳ ದೂರವಿದೆ. ಅಲ್ಲಿಗೇ ನಿಲ್ಲಿಸಿ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ.

ಭಾಷೆಯ ಜತೆಗೆ ಓದಿದ ಕೋರ್ಸಿನ ಪರಿಶೀಲನೆ, ಲಿಖಿತ ಮತ್ತು ಪ್ರಾಯೋಗಿಕ ಜ್ಞಾನಪರೀಕ್ಷೆ, ಕಾನೂನು ನಿಯಮಗಳ ಕೋರ್ಸ್, ಮೇಲ್ವಿಚಾರಣೆಯಲ್ಲಿ ಸೇವೆ ಇವೆ. ಜ್ಞಾನಪರೀಕ್ಷೆಯೂ ಸ್ವೀಡಿಷ್‌ನಲ್ಲೇ. ಪರೀಕ್ಷೆಯ ಬದಲು ವಿಶ್ವವಿದ್ಯಾಲಯದ ಪೂರಕ ಕೋರ್ಸಿನ ದಾರಿಯೂ ಇದೆ. ಕೋರ್ಸಿನ ಪರಿಶೀಲನೆಗೆ ಅರ್ಜಿಯನ್ನು ಮೊದಲೇ ಹಾಕಿ, ಉತ್ತರ ಬರುವಷ್ಟರಲ್ಲಿ ಭಾಷೆಯನ್ನು ಮುಂದೆ ತಳ್ಳಿ.

ಅಷ್ಟರಲ್ಲಿ ಆರೈಕೆ ಸಹಾಯಕರಾಗಿ, 'ವೋಡ್‌ಬಿತ್ರೇದೆ' ಹುದ್ದೆಯಲ್ಲಿ ದುಡಿಯುವವರು ಬಹಳ. 'ಉಂದೆರ್‌ಹ್ವೋತೆಷ್ಕ' ಎಂಬ ಹೆಸರನ್ನು ಮಾತ್ರ ಮನಬಂದಂತೆ ಹಾಕಿಕೊಳ್ಳುವಂತಿಲ್ಲ. 1 ಜುಲೈ 2023ರಿಂದ ಅದು ಕಾನೂನಿನ ರಕ್ಷಣೆಯಿರುವ ಪದನಾಮ, ಮಂಡಳಿಯ ಪ್ರಮಾಣಪತ್ರ ಬೇಕು.

ಪ್ರಶ್ನೆ: ಸಹೋದ್ಯೋಗಿಗಳು ನನ್ನ ಮುಖ ನೋಡಿದ ಕೂಡಲೇ ಇಂಗ್ಲಿಷಿಗೆ ಹೊರಳುತ್ತಾರೆ. ಮಾತನಾಡಲು ಯಾರೂ ಸಿಗದೆ ಕಲಿಯುವುದು ಹೇಗೆ? (ಕಾಲ್‌ಸ್ತಾದ್)

ಅವರು ಸಹಾಯ ಮಾಡುತ್ತಿದ್ದೇವೆ ಎಂದೇ ತಿಳಿದಿರುತ್ತಾರೆ. ಮೊದಲ ವಾರವೇ ಹೇಳಿಬಿಡಿ: 'ಕನ್ ವೀ ತಾ ದೆ ಪೊ ಸ್ವೆನ್ಸ್ಕಾ?', ಸ್ವೀಡಿಷ್‌ನಲ್ಲೇ ಮಾತಾಡೋಣವೇ? ಜತೆಗೆ ಎಲ್ಲಿ ತಿದ್ದಬೇಕು ಎಂಬುದನ್ನೂ ಹೇಳಿ. 'ತಪ್ಪಾದರೆ ತಿದ್ದಿ' ಎಂದರೆ ಯಾರೂ ತಿದ್ದುವುದಿಲ್ಲ. 'ವರದಿ ಕೊಟ್ಟಾದ ಮೇಲೆ ಎರಡು ತಪ್ಪು ಹೇಳಿ' ಎಂದರೆ ಹೇಳುತ್ತಾರೆ. ಹಲವು ಆರೈಕೆ ಕೇಂದ್ರಗಳಲ್ಲಿ 'ಸ್ಪ್ರೋಕ್‌ಉಂಬೂದ್' ಎಂಬ, ಸಹೋದ್ಯೋಗಿಗಳ ಭಾಷೆಗೆ ನೆರವಾಗಲು ತರಬೇತಿ ಪಡೆದವರಿರುತ್ತಾರೆ. ನಿಮ್ಮಲ್ಲಿ ಯಾರೆಂದು ಮೇಲ್ವಿಚಾರಕರನ್ನು ಕೇಳಿ. ಗ್ರಂಥಾಲಯಗಳ ಭಾಷಾ ಕೆಫೆಗೆ ಹೋಗುವುದಾದರೆ ಆ ವಾರ ಬೇಕಾದ ಒಂದು ವಿಷಯ ಹೊತ್ತು ಹೋಗಿ, ಉದಾಹರಣೆಗೆ ನಿದ್ದೆ, ಊಟ, ಬಿದ್ದದ್ದು. ಸುಮ್ಮನೆ ಹೋದರೆ ಪ್ರತಿ ಸಲವೂ ಊರು, ಹವಾಮಾನದಲ್ಲೇ ಗಂಟೆ ಮುಗಿಯುತ್ತದೆ.

ಕಲಿಸುವುದರಲ್ಲಿ ವೃದ್ಧಾಲಯದ ಹಿರಿಯರನ್ನು ಮೀರಿಸುವವರಿಲ್ಲ. ಅವರಿಗೆ ಸಮಯವಿದೆ, ಇಂಗ್ಲಿಷಿಗೆ ಹೊರಳುವುದು ಕಡಿಮೆ, ಹಳೆಯ ಫೋಟೊ ತೋರಿಸಿ ಮಾತಾಡಲು ಇಷ್ಟಪಡುತ್ತಾರೆ. ನೆಂಟಸ್ತಿಕೆಯ ಪದಗಳು ಅಲ್ಲೇ ಬಾಯಿಗೆ ಬರುತ್ತವೆ: ತಾಯಿಯ ತಾಯಿ 'ಮುರ್ಮುರ್', ತಂದೆಯ ತಾಯಿ 'ಫರ್ಮುರ್', ಸೋದರಮಾವ 'ಮುರ್ಬ್ರೂರ್'. ಅಜ್ಜಿಯ ಹೆಸರಿನಲ್ಲೇ ತಾಯಿಯ ಕಡೆಯೋ ತಂದೆಯ ಕಡೆಯೋ ಇರುವುದರಿಂದ ಸಂದರ್ಶಕರು ಯಾರೆಂದು ಬರೆದುಕೊಳ್ಳುವಾಗ ತಪ್ಪಾಗುವುದಿಲ್ಲ.

ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವಿರಲಿ, ದಿನಕ್ಕೆ ಐದು ಪದ ಸಾಕು, ಬಿಡಿಪದವಲ್ಲ, ಕೇಳಿದ ವಾಕ್ಯದ ಸಮೇತ. ಮನೆಗೆ ಬಂದು ಲೆಕ್ಸಿನ್ ನಿಘಂಟಿನಲ್ಲಿ ದನಿ ಕೇಳಿ ಒತ್ತಿನ ಗೆರೆ ಹಾಕಿ. ಆ ಪುಸ್ತಕದಲ್ಲಿ ರೋಗಿಯ ಹೆಸರು, ಗುರುತಿನ ಸಂಖ್ಯೆ, ಕೊಠಡಿ ಸಂಖ್ಯೆ ಬರೆಯಬಾರದು. ಕಲಿಕೆಗೆಂದು ರೋಗಿಯ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಲೂ ಬಾರದು. ಗೋಪ್ಯತೆಯ ಕರ್ತವ್ಯ ಅಲ್ಲಿ ಆರೈಕೆ ಸಹಾಯಕರಿಂದ ಹಿಡಿದು ಎಲ್ಲರಿಗೂ ಒಂದೇ. ವಾಕ್ಯದಲ್ಲಿ ಹೆಸರು ಬಂದರೆ 'ಹಾನ್' ಅಥವಾ 'ಹುನ್' ಎಂದು ಬದಲಿಸಿ ಬರೆದುಕೊಳ್ಳಿ.